ಜಾಕಿನ ಮೇಲಿನ ತೊಟ್ಟಿಲು

ಹಳೇ ಕಾರಿನ ಎಂಜಿನ್ ಕಳಚಲು ಗ್ಯಾರೇಜಿನವರಿಗೆಲ್ಲ ಗೊತ್ತಿರುವ ದಾರಿ ಒಂದೇ. ಮುಚ್ಚಳ ಬಿಚ್ಚಿ, ಸರಪಳಿ ಬಿಗಿದು, ರಾಟೆ ಎಳೆದು ಮೇಲಕ್ಕೆತ್ತುವುದು. ಆ ಬೀದಿಯ ಕೊನೆಯ ಶೆಡ್ಡಿನಲ್ಲಿ ಮಾತ್ರ ಎಂಜಿನ್ ಕೆಳಕ್ಕೆ ಇಳಿಯುತ್ತಿತ್ತು. ಕಾರನ್ನು ಎತ್ತರದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಡಿಯಿಂದ ಜಾಕ್ ಕೊಟ್ಟು, ಜಾಕಿನ ತಲೆಯ ಮೇಲೆ ಎಂಜಿನ್ನಿನ ಹೊಟ್ಟೆಗೆ ಒಪ್ಪುವ ಕಬ್ಬಿಣದ ತೊಟ್ಟಿಲಿಟ್ಟು, ಬೋಲ್ಟು ಬಿಚ್ಚಿ, ಮಲಗಿದ ಕೂಸನ್ನು ಇಳಿಸುವ ಹಾಗೆ ಇಳಿಸುತ್ತಿದ್ದರು. ಇಳಿಸುವವನು ತಮ್ಮ. ತೊಟ್ಟಿಲು ಬೆಸೆಯುವವಳು ಅವನ ಅಕ್ಕ. ಬೀದಿಗೆಲ್ಲ ಅವಳು ಬೆಸುಗೆಯಕ್ಕ.

ಹೀಗೆ ಇಳಿಸುವುದರ ಹಿಂದೆ ದೊಡ್ಡ ಜಾಣತನವೇನೂ ಇರಲಿಲ್ಲ. ಶೆಡ್ಡಿನ ಮಾಡು ತಗಡಿನದು, ತೊಲೆ ಹುಳ ತಿಂದದ್ದು. ಅದಕ್ಕೆ ರಾಟೆ ಕಟ್ಟಿದ್ದರೆ ಎಂಜಿನ್ ಮೇಲೇಳುವ ಬದಲು ಮಾಡೇ ಕೆಳಗೆ ಬರುತ್ತಿತ್ತು. ಬೇರೆ ಜಾಗ ಹುಡುಕುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಇಲ್ಲದವರು ಹುಡುಕಿಕೊಂಡ ಉಪಾಯವನ್ನು ಇದ್ದವರು ಆಮೇಲೆ ಕಲೆ ಅಂತ ಕರೆಯುತ್ತಾರೆ. ಹಳೇ ಕಾರಿನ ಶೋಕಿಯವರು ಶೆಡ್ಡಿಗೆ ಬಂದು ಫೋಟೋ ಹೊಡೆದುಕೊಂಡು ಅದನ್ನೇ ಅನ್ನುತ್ತಿದ್ದರು.

ಅಕ್ಕ ಶುರುವಿನಲ್ಲಿ ಕಬ್ಬಿಣದ ಮಂಚ ಮಾಡುವ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದಳು. ಬೆಸೆಯುವವನಿಗೆ ಮೂಲೆ ಹಿಡಿದುಕೊಳ್ಳಲು ಒಂದು ಕೈ ಬೇಕಾದಾಗ ಪೊರಕೆ ಬದಿಗಿಟ್ಟು ಹಿಡಿಯುತ್ತಿದ್ದಳು. ಎರಡು ವರ್ಷ ಕಿಡಿಯಿಂದ ಮುಖ ತಿರುಗಿಸಿಕೊಂಡು ಹಿಡಿದಳು. ಒಂದು ದಿನ ಅವನು ಉಚ್ಚೆ ಹೊಯ್ಯಲು ಹೋಗಿ ಬೀಡಿ ಸೇದಿ ಬರುವಷ್ಟರಲ್ಲಿ ಒಂದು ಮಂಚದ ನಾಲ್ಕು ಮೂಲೆಯನ್ನೂ ಬೆಸೆದು ಮುಗಿಸಿದ್ದಳು. ಸೂಪರ್‌ವೈಸರ್ ಓಡಿ ಬಂದ.

“ಹೆಂಗಸರ ಕೆಲಸ ಅಲ್ಲ ಇದು. ಕಣ್ಣು ಹೋಗುತ್ತೆ.”

“ಹಸಿ ಸೌದೆ ಒಲೆ ಊದಿದಾಗ ಹೋಗದ ಕಣ್ಣು ಇಲ್ಲಿ ಹೋಗುತ್ತಾ ಸ್ವಾಮಿ?”

ಅವನು ಬೂಟುಗಾಲಿನಲ್ಲಿ ಮೂಲೆಗೆ ಒದ್ದ. ಮಂಚ ಜರುಗಿತೇ ಹೊರತು ಮೂಲೆ ಬಿಡಲಿಲ್ಲ. ಅವತ್ತಿನಿಂದ ಅವಳಿಗೆ ಬೆಸೆಯುವವನ ಕೆಲಸ, ಗುಡಿಸುವವಳ ಸಂಬಳ. ಮುಂದೆ ಕಾರ್ಖಾನೆಯಲ್ಲಿ ಮುಷ್ಕರ ಆದಾಗ ಅವಳು ಗೇಟಿಗೆ ಅಡ್ಡ ಕೂತದ್ದು ಇದೇ ಸಿಟ್ಟಿಗೆ. ಭಾಷಣ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಕೂಗು ಅಂದವರಿಗೆ, “ನೀವು ಕೂಗ್ರಪ್ಪ. ನಂಗೆ ಕೂರೋದು ಬರುತ್ತೆ,” ಅಂದಳು. ಎಪ್ಪತ್ತೊಂದು ದಿನ ಕೂತಳು. ಕೂಗಿದವರಲ್ಲಿ ಅರ್ಧದಷ್ಟು ಜನ ನಲವತ್ತನೇ ದಿನಕ್ಕೇ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿದ್ದರು.

ಕಾರ್ಖಾನೆ ಮುಚ್ಚಿತು. ಉಳಿದ ಸಾಮಾನನ್ನು ಕೆಲಸಗಾರರು ಹಂಚಿಕೊಂಡರು. ಗಂಡಸರು ಲೇತು, ಡ್ರಿಲ್ಲು, ಪ್ರೆಸ್ಸು ಅಂತ ಒಳ್ಳೊಳ್ಳೆಯದನ್ನು ಆರಿಸಿಕೊಂಡರು. ಕೇಬಲ್ ಸುಟ್ಟ ವೆಲ್ಡಿಂಗ್ ಸೆಟ್ಟೊಂದು ಯಾರಿಗೂ ಬೇಡವಾಗಿ ಮೂಲೆಯಲ್ಲಿತ್ತು. ಅದನ್ನು ತಳ್ಳುಗಾಡಿಗೆ ಹಾಕಿಕೊಂಡು ಬಂದಳು. ತಮ್ಮನ ಶೆಡ್ಡಿನ ಹಿಂಭಾಗದಲ್ಲಿ ಇಳಿಸಿದಳು. ಮದುವೆ ಆಗಿರಲಿಲ್ಲ, ಆಗಲೂ ಇಲ್ಲ. ಯಾಕೆ ಅಂತ ಕೇಳಿದವರಿಗೆ, “ಪುರುಸೊತ್ತಾಗಲಿಲ್ಲ,” ಅನ್ನುತ್ತಿದ್ದಳು.

ಮೊದಲ ಗಿರಾಕಿ ಕಿಟಕಿಗೆ ಸರಳು ಹಾಕಿಸಲು ಬಂದವನು, ಗ್ಯಾರಂಟಿ ಏನು ಅಂತ ಕೇಳಿದ. “ನನ್ನ ಬೆಸುಗೆ ಯಾವತ್ತು ಬಿಡುತ್ತೋ ಅವತ್ತು ಬೆಸೆಯೋ ಕಡ್ಡಿಯ ಹೋಲ್ಡರ್ ಕೆಳಗಿಡ್ತೀನಿ, ಮತ್ತೆ ಮುಟ್ಟಲ್ಲ. ಇಷ್ಟೇ ಗ್ಯಾರಂಟಿ,” ಅಂದಳು. ಬಾಯಿಮಾತು. ಆದರೆ ಇಪ್ಪತ್ತಾರು ವರ್ಷ ಬೀದಿಯವರೆಲ್ಲ ಅದನ್ನು ಪತ್ರ ಮಾಡಿಕೊಟ್ಟಷ್ಟು ಗಟ್ಟಿಯಾಗಿ ನಂಬಿದ್ದರು. ಅವಳೂ ನಂಬಿದ್ದಳು.

ತೊಟ್ಟಿಲುಗಳು ಗೋಡೆಯ ಮೊಳೆಗಳಿಗೆ ನೇತಾಡುತ್ತಿದ್ದವು, ಒಟ್ಟು ಇಪ್ಪತ್ಮೂರು. ಒಂದೊಂದು ಜಾತಿಯ ಎಂಜಿನ್ನಿಗೆ ಒಂದೊಂದು. ಹಳೇ ಮಂಚದ ಕಾಲು, ಲಾರಿಯ ಸ್ಪ್ರಿಂಗ್ ಪಟ್ಟೆ, ಮುರಿದ ಸೈಕಲ್ಲಿನ ಹ್ಯಾಂಡಲ್ಲು, ಸ್ಟೌವಿನ ಬಳೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಮಾಡಿದ್ದಳು. ಹೆಸರುಗಳೂ ಅವಳವೇ. ಎರಡು ಕಡೆಯಿಂದ ಅವುಚಿ ಹಿಡಿಯುವುದು ಏಡಿ. ಮೂರು ಬೆರಳು ಚಾಚಿದ್ದು ಕೋಳಿಕಾಲು. ಚಪ್ಪಟೆಯದು ಮಣೆ. ಕಾರಿನವರು ಇಂಗ್ಲಿಷಿನಲ್ಲಿ ಏನೇನೋ ಕರೆದರೂ ತಮ್ಮ ಮಾತ್ರ ಕಾರಿನಡಿಯಿಂದ “ಅಕ್ಕ, ಕೋಳಿಕಾಲು ಕೊಡು” ಅಂತಲೇ ಕೂಗುತ್ತಿದ್ದ. ಪ್ರತಿಯೊಂದರ ಅಡಿಯಲ್ಲೂ ಹೆಬ್ಬೆರಳು ಗಾತ್ರದ ಪಿನ್ ಇತ್ತು. ಜಾಕಿನ ತಲೆಯ ಮೇಲಿನ ಬಟ್ಟಲಿನ ನಡುವೆ ಒಂದು ತೂತು. ಪಿನ್ ಆ ತೂತಿನೊಳಗೆ ಅಲ್ಲಾಡದಂತೆ ಕೂರಬೇಕು. ಪಿನ್ ಅಲ್ಲಾಡಿದರೆ ತೊಟ್ಟಿಲು ಅಲ್ಲಾಡುತ್ತದೆ. ತೊಟ್ಟಿಲು ಅಲ್ಲಾಡಿದರೆ ನೂರು ಕೆ.ಜಿ.ಗೂ ಮಿಕ್ಕ ಎಂಜಿನ್ ಯಾರ ಮಾತನ್ನೂ ಕೇಳುವುದಿಲ್ಲ.

ಅದಕ್ಕೇ ಇಬ್ಬರಲ್ಲೂ ಒಂದು ರೂಢಿ ಇತ್ತು. ಕೊನೆಯ ಬೋಲ್ಟು ಬಿಚ್ಚುವ ಮೊದಲು ಅಕ್ಕ ತಾನು ಇದ್ದಲ್ಲಿಂದಲೇ ಗಟ್ಟಿಯಾಗಿ ಕೇಳುವಳು: “ಪಿನ್ ಕೂತಿದೆಯಾ?” ಕಾರಿನ ಅಡಿಯಿಂದ ತಮ್ಮ ಹೇಳುವನು: “ಕೂತಿದೆ.” ಅವಳು ಬಗ್ಗಿ ನೋಡುತ್ತಿರಲಿಲ್ಲ. ಕೆಳಗಿರುವುದು ಅವನ ತಲೆ, ಅವನೇಕೆ ಸುಳ್ಳು ಹೇಳುತ್ತಾನೆ ಅನ್ನುವುದು ಅವಳ ಲೆಕ್ಕ.

ಸುಳ್ಳು ಹೇಳಿದ್ದು ಒಂದೇ ಸಲ. ಅವತ್ತು ಬಂದದ್ದು ಹಲ್ಲಿನ ಡಾಕ್ಟರ ಕಾರು. ಆಮೆಯ ಬೆನ್ನಿನ ಹಾಗೆ ದುಂಡನೆಯದು, ಎಂಜಿನ್ ಹಿಂಭಾಗದಲ್ಲಿ. ಡಾಕ್ಟರಿಗೆ ಆ ಕಾರಿನ ಮೇಲೆ ಹೆತ್ತವರಿಗಿಲ್ಲದ ಮಮತೆ. ಬೆಳಿಗ್ಗೆ ಒಂಬತ್ತಕ್ಕೇ ಕ್ಯಾಮೆರಾ ಹಿಡಿದು ನಿಂತಿದ್ದರು. ಹನ್ನೊಂದಕ್ಕೆ ಯಾರದೋ ಹಲ್ಲು ಕೀಳಬೇಕು, ಅಷ್ಟರೊಳಗೆ ಎಂಜಿನ್ ಇಳಿಯುವುದನ್ನು ನೋಡಬೇಕು.

ತಮ್ಮನ ಜಾಕ್ ಹಿಂದಿನ ದಿನವೇ ಸೀಲು ಹೋಗಿ ಎಣ್ಣೆ ಸೋರುತ್ತಿತ್ತು. ಟಯರ್ ಅಂಗಡಿಯಿಂದ ಬೇರೆ ಜಾಕ್ ಎರವಲು ತಂದ. ಅದರ ಬಟ್ಟಲಿನ ತೂತು ಒಂದು ಚೂರು ಅಗಲ. ಪಿನ್ ಒಳಗೆ ಹೋಗಿ ಲೊಡಲೊಡ ಅಂದಿತು. ಮಾಡಬೇಕಾದದ್ದು ಅವನಿಗೆ ಗೊತ್ತಿತ್ತು. ಎದುರಿನ ಅಂಗಡಿಯ ಲೇತ್ ತಾತನ ಹತ್ತಿರ ಹೋಗಿ ತೂತಿಗೊಂದು ಬಳೆ ಕಡೆಸಬೇಕು, ಇಲ್ಲ ಅಕ್ಕನ ಕೈಯಲ್ಲಿ ಪಿನ್ನಿನ ಮೈ ತುಂಬಿಸಬೇಕು. ಅರ್ಧ ದಿನದ ಕೆಲಸ. ಡಾಕ್ಟರು ಗಡಿಯಾರ ನೋಡಿದರು. ಎಣ್ಣೆ ಡಬ್ಬಿಯ ತಗಡನ್ನು ತಮ್ಮ ಎರಡು ಬೆರಳಗಲ ಕತ್ತರಿಸಿ ಪಿನ್ನಿಗೆ ಎರಡು ಸುತ್ತು ಸುತ್ತಿ ಬಟ್ಟಲಿಗೆ ಗುದ್ದಿದ. ಬಿಗಿಯಾಯಿತು. ಬಿಗಿಯಾದ ಹಾಗೆ ಕಂಡಿತು.

ಅಕ್ಕ ಹಿಂದೆ ಗೇಟೊಂದನ್ನು ಬೆಸೆಯುತ್ತಿದ್ದವಳು ಕೇಳಿದಳು: “ಪಿನ್ ಕೂತಿದೆಯಾ?”

“ಕೂತಿದೆ.”

ಕೊನೆಯ ಬೋಲ್ಟು ಬಂತು. ಆ ಕಾರಿನಲ್ಲಿ ಎಂಜಿನ್ನನ್ನು ಮೊದಲು ನಾಲ್ಕು ಬೆರಳು ಹಿಂದಕ್ಕೆ ಎಳೆಯಬೇಕು, ಗೇರ್‌ಬಾಕ್ಸಿನ ದಂಡ ಬಿಡಿಸಿಕೊಳ್ಳಬೇಕು, ಆಮೇಲೆ ಇಳಿಸಬೇಕು. ಎಳೆಯುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ವಾಲಿತು. ಸುತ್ತಿದ ತಗಡು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರಿ ಹೊರಬಂತು. ತೊಟ್ಟಿಲು ಓರೆಯಾಯಿತು, ಎಂಜಿನ್ ಮಗುಚಿ ಸಿಮೆಂಟಿನ ನೆಲಕ್ಕೆ ಬಿತ್ತು. ಅದರ ಜೊತೆಗೇ ತೊಟ್ಟಿಲೂ ಬಿದ್ದು, ಎಂಜಿನ್ನಿಗೂ ನೆಲಕ್ಕೂ ನಡುವೆ ಸಿಕ್ಕಿದ ಅದರ ಒಂದು ಕಿವಿ, ಅಂಚಿಗೆ ಬೆಸೆದ ಪಟ್ಟಿ, ಮುರಿದು ಹಾರಿತು. ತಮ್ಮನ ಮೊಣಕೈ ತರಚಿತು, ಅಷ್ಟೇ. ಎಂಜಿನ್ನಿನ ಕವಚ ಉದ್ದಕ್ಕೂ ಬಿರುಕು ಬಿಟ್ಟು ಕಪ್ಪು ಎಣ್ಣೆ ಡಾಕ್ಟರ ಬೂಟಿನವರೆಗೂ ಹರಿಯಿತು.

“ಏನಾಯ್ತು? ಏನಾಯ್ತ್ರೀ?” ಡಾಕ್ಟರು ಕಿರುಚಿದರು.

ತಮ್ಮ ತೆವಳಿಕೊಂಡು ಹೊರಬಂದ. ಮುರಿದ ಕಿವಿ ಅವನ ಕಣ್ಣೆದುರಿಗೇ ಬಿದ್ದಿತ್ತು. “ಬೆಸುಗೆ ಬಿಡ್ತು,” ಅಂದ.

ಯೋಚಿಸಿ ಆಡಿದ ಮಾತೇನಲ್ಲ. ಜಾರುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಹಾಗೆ ಅವನು ಬಾಯಿಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಹಿಡಿದುಕೊಂಡದ್ದು ಅಕ್ಕನ ಕುತ್ತಿಗೆ.

ಅಕ್ಕ ಸ್ವಿಚ್ಚು ಆರಿಸಿ, ಮುಖಕ್ಕೆ ಹಿಡಿದಿದ್ದ ಗಾಜು ತೆಗೆದು, ಬಂದು ನೋಡಿದಳು. ಮುರಿದ ಕಿವಿಯನ್ನು ಎತ್ತಿಕೊಂಡಳು. ಎರಡೂ ಕಡೆ ತಿರುಗಿಸಿದಳು. ಅದನ್ನು ಹಿಡಿದುಕೊಂಡೇ ಹಿಂದಕ್ಕೆ ಹೋದಳು. ಗೇಟಿನ ಕೆಲಸ ಅರ್ಧಕ್ಕೇ ನಿಂತಿತು.

ಆ ಸಂಜೆ ಊಟದ ಹೊತ್ತಿಗೆ ತಮ್ಮನ ಹೆಂಡತಿ ಕರೆಯಲು ಬಂದಳು. ಮೂವರದೂ ಒಂದೇ ಅಡುಗೆಮನೆ. ತಮ್ಮನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆಯ ವಿಷಯದಲ್ಲಿ ಅವಳ ಮಾತಿಗೆ ಎರಡಿಲ್ಲ.

“ಅತ್ತಿಗೆ, ಬನ್ನಿ. ಆರಿಹೋಗುತ್ತೆ.”

ಅಕ್ಕ ಬಂದು ಕೂತಳು. ತಟ್ಟೆಯ ಪಕ್ಕದಲ್ಲಿ ಮುರಿದ ಕಿವಿಯನ್ನೂ ತೊಟ್ಟಿಲನ್ನೂ ಇಟ್ಟಳು. “ನೋಡೇ ಇದನ್ನ.”

“ನಂಗೇನು ಗೊತ್ತಾಗುತ್ತೆ ಅತ್ತಿಗೆ ಕಬ್ಬಿಣ?”

“ಕಬ್ಬಿಣ ಅಂದ್ಕೋಬೇಡ, ಬಟ್ಟೆ ಅಂದ್ಕೋ. ಇಲ್ಲಿ ಉಬ್ಬಿದೆಯಲ್ಲ ಗೆರೆ, ಅದು ನನ್ನ ಹೊಲಿಗೆ. ಈಗ ಹೇಳು, ಹೊಲಿಗೆ ಬಿಚ್ಚಿದೆಯೋ, ಬಟ್ಟೆ ಹರಿದಿದೆಯೋ?”

ಅವಳು ಬೆರಳಾಡಿಸಿ ನೋಡಿದಳು. ಬೆಸುಗೆಯ ಗೆರೆ ಇಡಿಯಾಗಿತ್ತು. ಅದರಿಂದ ಅರ್ಧ ಬೆರಳು ಆಚೆಗೆ ಪಟ್ಟಿಯೇ ಹರಿದಿತ್ತು. “ಹೊಲಿಗೆ ಹಾಗೇ ಇದೆ. ಬಟ್ಟೆ ಹರಿದಿದೆ,” ಅಂದಳು. ಅಂದಮೇಲೆ ಗಂಡನ ಕಡೆ ನೋಡಿದಳು.

ಗಂಡ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಉಪ್ಪು ಕಮ್ಮಿ ಇದೆ,” ಅಂದ.

“ಕಮ್ಮಿ ಆದ್ರೂ ಉಪ್ಪು ತಿಂದೋನು ನೀರು ಕುಡೀಲೇಬೇಕು,” ಅಂದಳು ಅಕ್ಕ.

ಅಷ್ಟಕ್ಕೇ ಮುಗಿಯಿತು. ನಿಜ ಏನೆಂದು ಮೂವರಿಗೂ ಗೊತ್ತಾಗಿತ್ತು. ಆದರೆ ಬೀದಿಗೆ ಗೊತ್ತಾಗಿದ್ದು ತಮ್ಮನ ಬಾಯಿಂದ ಬಂದ ಎರಡೇ ಪದ. ಮರುದಿನ ಬಣ್ಣ ಬಳಿಯುವವನು ಆರು ವರ್ಷದ ಹಿಂದೆ ಬೆಸೆಸಿದ ಏಣಿ ಹೊತ್ತುಕೊಂಡು ಬಂದ.

“ಏನಿಲ್ಲ ಅಕ್ಕ, ಸುಮ್ನೆ. ಒಂದ್ಸಲ ನೋಡಿಬಿಡಿ. ಮೂರನೇ ಮಹಡಿ ಕೆಲಸ ಇದೆ, ಮಕ್ಕಳೊಂದಿಗ ನಾನು.”

ಅಕ್ಕ ಏಣಿಯನ್ನು ನೆಲಕ್ಕೆ ಹಾಕಿ ಒಂದೊಂದು ಮೆಟ್ಟಿಲಿನ ಮೇಲೂ ಸುತ್ತಿಗೆ ಆಡಿಸಿದಳು. ಎಲ್ಲವೂ ಗಂಟೆಯ ಹಾಗೆ ನುಡಿದವು. “ಹೋಗು, ಹತ್ತು. ಕುಡಿದು ಹತ್ತಬೇಡ,” ಅಂದಳು. ಅವನು ನಕ್ಕು ಹೋದ. ಆದರೆ ಅವನ ಹಿಂದೆ ಇನ್ನಿಬ್ಬರು ಬಂದರು, ಒಬ್ಬ ಸ್ಟೂಲು ಹಿಡಿದು, ಒಬ್ಬ ತಳ್ಳುಗಾಡಿಯ ಅಚ್ಚು ಹಿಡಿದು. ಅರ್ಧಕ್ಕೆ ನಿಂತಿದ್ದ ಗೇಟಿನ ಯಜಮಾನ ಬಂದು ಗೇಟನ್ನು ಹಾಗೇ ಎತ್ತಿಸಿಕೊಂಡು ಹೋದ.

ಅವಳೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ತನ್ನ ಬೆಸುಗೆಗೆ ತಾನೇ ಸಾಕ್ಷಿ ನಿಂತರೆ ಯಾರು ನಂಬುತ್ತಾರೆ? ತಮ್ಮ ಹೇಳಬೇಕು. ತಮ್ಮ ಹೇಳಿದರೆ ನಾಳೆಯಿಂದ ಅವನ ಕೈಗೆ ಯಾರೂ ಕಾರು ಕೊಡುವುದಿಲ್ಲ. ಇಬ್ಬರಲ್ಲಿ ಒಬ್ಬರ ಹೆಸರು ಕೆಡಲೇಬೇಕಿತ್ತು, ಅದು ಯಾರದೆಂದು ತಮ್ಮನೇ ತೀರ್ಮಾನಿಸಬೇಕಿತ್ತು.

ಲೇತ್ ತಾತ ಸುಮ್ಮನಿರುವ ಪೈಕಿ ಅಲ್ಲ. ಮಂಚದ ಕಾರ್ಖಾನೆಯಲ್ಲಿ ಅಕ್ಕನ ಜೊತೆಗಿದ್ದವನು, ಎಪ್ಪತ್ತೊಂದನೇ ದಿನದವರೆಗೂ ಗೇಟಿನಲ್ಲಿ ಉಳಿದ ಹದಿನಾಲ್ಕು ಜನರಲ್ಲಿ ಒಬ್ಬ. ಮೂರನೇ ದಿನ ಅಳತೆಯ ಕ್ಯಾಲಿಪರ್ ಹಿಡಿದು ಶೆಡ್ಡಿಗೆ ಬಂದ. ಪಿನ್ ಅಳೆದ. ಟಯರ್ ಅಂಗಡಿಗೆ ಹೋಗಿ ಆ ಜಾಕಿನ ತೂತು ಅಳೆದು ವಾಪಸು ಬಂದ.

“ಏನಪ್ಪಾ ಮೇಸ್ತ್ರಿ, ಆ ಬಟ್ಟಲಿಗೆ ಎರಡು ಮಿಲಿಮೀಟರ್ ಹೊಟ್ಟೆ ಹಸಿದಿತ್ತಲ್ಲ. ಏನು ತಿನ್ನಿಸ್ದೆ?”

“ಏನೂ ಇಲ್ಲ ತಾತ.”

“ಹಂಗಾದ್ರೆ ಉಪವಾಸ ಇಳಿಸಿದ್ಯಾ?”

“ಬೆಸುಗೆ ಮುರಿದಿದ್ದು ಕಣ್ಣಿಗೆ ಕಾಣಲ್ವಾ? ನಾನ್ಯಾಕೆ ಸುಳ್ಳು ಹೇಳ್ಲಿ?”

“ನೀನು ಸುಳ್ಳು ಹೇಳ್ದೆ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತಿ?”

ತಮ್ಮ ಸ್ಪ್ಯಾನರ್ ಎಸೆದು ಹೊರಗೆ ಹೋದ. ಹಿಂದೆ ಕೂತಿದ್ದ ಅಕ್ಕ ತಾತನನ್ನು ಗದರಿದಳು. “ನೀವು ಯಾಕೆ ನಡುವೆ ಬರ್ತೀರಿ? ಅವನು ಹೇಳೋದಾದ್ರೆ ಹೇಳ್ತಾನೆ. ಕಿತ್ತು ತೆಗೆಯೋಕೆ ಅದೇನು ಹಲ್ಲಾ?”

ಐದನೇ ದಿನ ಬೆಳಿಗ್ಗೆ ಅಕ್ಕ ಕೇಬಲ್ ಸುತ್ತಿಟ್ಟಳು. ಕಡ್ಡಿಗಳ ಪೊಟ್ಟಣ, ಚಿಪ್ಪು ಕೆರೆಯುವ ಸುತ್ತಿಗೆ, ಮುಖದ ಗಾಜು, ಎಲ್ಲವನ್ನೂ ಒಂದು ಬಕೆಟ್ಟಿಗೆ ತುಂಬಿದಳು. ತಾತನನ್ನು ಕರೆದು, “ಸೆಟ್ಟು ನಿಮ್ಮಲ್ಲಿಗೆ ತಗೊಂಡು ಹೋಗಿ. ಯಾರಿಗಾದ್ರೂ ಕೆಲಸ ಕಲಿಸೋವಾಗ ಆಗುತ್ತೆ,” ಅಂದಳು.

“ಹುಚ್ಚು ಹಿಡಿದಿದೆಯೇನೇ? ಬೆಸುಗೆ ಬಿಟ್ಟಿಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು.”

“ಗೇಟಿನವನಿಗೆ ಗೊತ್ತಾ? ಏಣಿಯವನಿಗೆ ಗೊತ್ತಾ? ನಾನು ಮಾತು ಕೊಟ್ಟಿದ್ದು ಅವರಿಗೆ. ಬಿಡ್ತು ಅಂತ ಬೀದಿ ಹೇಳ್ತಿರೋವಾಗ ನಾನು ಕಡ್ಡಿ ಹಚ್ಕೊಂಡು ಕೂತ್ರೆ ಅದು ಕೊಟ್ಟ ಮಾತು ನುಂಗಿದ ಹಾಗೆ.”

ತಾತ ಗೊಣಗುತ್ತ ತಳ್ಳುಗಾಡಿ ತಂದ. ಇಬ್ಬರೂ ಸೇರಿ ಸೆಟ್ಟನ್ನು ಎತ್ತಿ ಹಾಕಿದರು. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರು ಬಂದರು, ಹಿಂದೆ ಮಡಚುವ ಕ್ರೇನು ಹಾಕಿಕೊಂಡ ವ್ಯಾನು, ಬೇರೆ ಗ್ಯಾರೇಜಿನ ಮೇಸ್ತ್ರಿ. ಕಾರನ್ನೂ ಒಡೆದ ಎಂಜಿನ್ನನ್ನೂ ಒಯ್ಯಲು ಬಂದಿದ್ದರು. ಆ ಮೇಸ್ತ್ರಿ ಗೋಡೆಯ ತೊಟ್ಟಿಲುಗಳನ್ನು ನೋಡಿ, “ಮನೇಲಿ ಬೆಸೆದ ಸಾಮಾನು ನಂಬ್ಕೊಂಡ್ರೆ ಇಷ್ಟೇ ಸಾರ್,” ಅಂದ.

ತಮ್ಮನ ಕಣ್ಣು ತಳ್ಳುಗಾಡಿಯ ಮೇಲಿತ್ತು. ತಾತ ಗಾಡಿಯ ಹಿಡಿ ಎತ್ತಿದ, ಚಕ್ರ ಒಂದು ಸುತ್ತು ಉರುಳಿತು.

“ಬೆಸುಗೆ ಬಿಟ್ಟಿಲ್ಲ,” ಅಂದ ತಮ್ಮ.

ಯಾರಿಗೂ ಸರಿಯಾಗಿ ಕೇಳಲಿಲ್ಲ. ಮತ್ತೆ, ಈ ಸಲ ಕಾರಿನಡಿಯಿಂದ ಕೂಗುವ ದನಿಯಲ್ಲಿ ಹೇಳಿದ: “ಅಕ್ಕನ ಬೆಸುಗೆ ಬಿಟ್ಟಿಲ್ಲ ಸಾರ್. ಜಾಕಿನ ತೂತು ದೊಡ್ಡದಿತ್ತು. ನಾನು ಪಿನ್ನಿಗೆ ಡಬ್ಬಿ ತಗಡು ಸುತ್ತಿ ಗುದ್ದಿದ್ದೆ. ಅದು ಜಾರ್ತು. ಕಿವಿ ಮುರಿದಿದ್ದು ಬಿದ್ದಮೇಲೆ. ಅಕ್ಕ ಕೇಳಿದ್ಲು, ಕೂತಿದೆ ಅಂತ ಸುಳ್ಳು ಹೇಳ್ದೆ.” ಮೂಲೆಯ ಹಳೇ ಬ್ಯಾಟರಿಗಳ ಹಿಂದೆ ಕೈಹಾಕಿ, ತಾನೇ ಬಚ್ಚಿಟ್ಟಿದ್ದ ಸುರುಳಿ ಸುತ್ತಿದ ತಗಡಿನ ಚೂರನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದ.

ಡಾಕ್ಟರು ತಗಡನ್ನು ನೋಡಿದರು, ಅವನನ್ನು ನೋಡಿದರು. “ಅಕ್ಕಂದೋ ತಮ್ಮಂದೋ, ನಂಗೇನ್ರೀ ಅದನ್ನ ಕಟ್ಕೊಂಡು? ಒಡೆದಿದ್ದು ನನ್ನ ಎಂಜಿನ್,” ಅಂದರು. ಅದೂ ನ್ಯಾಯವೇ. ಕಾರು ಹೋಯಿತು. ಜೊತೆಗೆ ಹೋದ ಮೇಸ್ತ್ರಿ ಸಂಜೆಯೊಳಗೆ ಊರ ಗ್ಯಾರೇಜಿಗೆಲ್ಲ ತಗಡಿನ ಕತೆ ಹಂಚಿದ.

ತಾತ ಗಾಡಿಯ ಹಿಡಿ ಬಿಡದೆ ನಿಂತಿದ್ದ. “ಈಗೇನಮ್ಮಾ, ಒಯ್ಲೋ, ಇಳಿಸ್ಲೋ? ನನ್ನ ಸೊಂಟ ಕೇಳ್ತಾ ಇದೆ.”

“ಇಳಿಸಿ,” ಅಂದಳು ಅಕ್ಕ. ತಮ್ಮನ ಕಡೆ ತಿರುಗಿ, “ನಿಂತ್ಕೊಂಡು ಏನು ನೋಡ್ತಿ? ಒಂದು ಕಡೆ ಹಿಡಿ,” ಅಂದಳು. ಅದಕ್ಕಿಂತ ಹೆಚ್ಚು ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಮಧ್ಯಾಹ್ನ ಗೇಟಿನ ಯಜಮಾನ ಗೇಟನ್ನು ವಾಪಸು ತಂದು ನಿಲ್ಲಿಸಿದ. ಅವನನ್ನು ಮೂರು ದಿನ ಕಾಯಿಸಿದಳು, ಬೇಕೆಂದೇ.

ಮುಂದಿನ ಹತ್ತು ತಿಂಗಳು ಒಂದೇ ಒಂದು ಹಳೇ ಕಾರೂ ಶೆಡ್ಡಿಗೆ ಬರಲಿಲ್ಲ. ಟಯರ್ ಅಂಗಡಿಯಲ್ಲಿ ತಮ್ಮ ಪಂಕ್ಚರ್ ಹಾಕಿದ. ಅಕ್ಕ ಸರಳು, ಏಣಿ, ಗೇಟು ಬೆಸೆದಳು. ಮನೆ ನಡೆಯಿತು. ತಮ್ಮನ ಹೆಂಡತಿ ಇಬ್ಬರ ನಡುವೆ ತಟ್ಟೆ ಸರಿಸುತ್ತ ಮಾತಿಗೆ ಸೇತುವೆಯಾಗಿ ಸಾಕಾಗಿ, “ನೀವೇ ಒಬ್ಬರಿಗೊಬ್ಬರು ಬೈದುಕೊಳ್ಳಿ, ನನ್ನ ಬಾಯಿ ನೋಯುತ್ತೆ,” ಅಂದಮೇಲೆ ಒಂದಿಷ್ಟು ಮಾತು ಶುರುವಾಯಿತು.

ಹನ್ನೊಂದನೇ ತಿಂಗಳು ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ತಮ್ಮ ತಂದೆಯ ಕಾಲದ ಕಾರನ್ನು ಎಳೆಸಿಕೊಂಡು ಬಂದರು. ಬೇರೆ ಗ್ಯಾರೇಜಿನವರು ಅದರ ಎಂಜಿನ್ ಮೇಲಿಂದ ಬರುವುದಿಲ್ಲ ಅಂದಿದ್ದರು. ಅಕ್ಕ ಕಾರಿನ ಸುತ್ತ ಒಂದು ಸುತ್ತು ಬಂದು, “ಇಳಿಸೋಣ. ಆದ್ರೆ ಕಾರಿನಡಿಗೆ ನಾನು ಹೋಗ್ತೀನಿ,” ಅಂದಳು. ಮರುದಿನ ಐವತ್ತೆಂಟರ ಆ ಹೆಂಗಸು ಗಂಡಸಿನ ಅಂಗಿ ತೊಟ್ಟು, ಗೋಣಿ ಹಾಸಿಕೊಂಡು, ಬೆನ್ನ ಮೇಲೆ ಕಾರಿನಡಿಗೆ ಜಾರಿದಳು. ಪಿನ್ನನ್ನು ತಾನೇ ಮುಟ್ಟಿ ನೋಡಿದಳು. ಒತ್ತು ಅಂದಾಗ ತಮ್ಮ ಜಾಕಿನ ಹಿಡಿ ಒತ್ತಿದ, ಬಿಡು ಅಂದಾಗ ಬಿಟ್ಟ. ಎಂಜಿನ್ ಇಳಿಯಿತು.

ಆಮೇಲೆ ಅದೇ ಪದ್ಧತಿಯಾಯಿತು. ಹಿಡಿ ಒತ್ತುವ ಕೆಲಸ ಬೇಜಾರಾಗುವುದಿಲ್ಲವೇ ಎಂದು ತಮ್ಮನನ್ನು ಕೇಳಿದರೆ, “ಬೇಜಾರಾಗುತ್ತೆ,” ಅನ್ನುತ್ತಾನೆ. ಕೇಳಿದ್ದಕ್ಕೆ ಉತ್ತರ ಅಷ್ಟೇ. ಗಿರಾಕಿಗಳು ಈಗಲೂ ಬಾಗಿಲಲ್ಲಿ ನಿಂತು, ಅವನನ್ನೇ ನೋಡಿ, “ಮೇಸ್ತ್ರಿ ನೀವೇನಾ?” ಅಂತ ಕೇಳುತ್ತಾರೆ. ಅವನು ಕಾರಿನಡಿಗೆ ಬೆರಳು ತೋರಿಸುತ್ತಾನೆ. ಅಲ್ಲಿ ಎಣ್ಣೆ ಮೆತ್ತಿದ ಎರಡು ಪಾದಗಳು ಕಾಣುತ್ತವೆ.

“ಯಾರೋ ಅದು?” ಅಂತ ಅಡಿಯಿಂದ ದನಿ ಬರುತ್ತದೆ. “ಕೂರೋಕೆ ಹೇಳು. ಕೈಯಲ್ಲಿ ಎಂಜಿನ್ ಇದೆ.”